ಕೊನೆಗೌಡ ಮರದಿಂದ ಬಿದ್ದರೆ: ತಪ್ಪು ಯಾರದು, ಹೊಣೆ ಯಾರದು?



ಮಳೆಗಾಲ ಹತ್ತಿರ ಬಂದಿದೆ. ಮೈಲುತುತ್ತ, ಸುಣ್ಣ ತಂದು ಅಟ್ಟದ ಮೇಲೆ ಇಟ್ಟಿದ್ದೀರಿ. ಪಂಪಿನ ವಾಸರು ಬದಲಿಸಿದ್ದೀರಿ, ಪೈಪು ಸೋರುತ್ತದೆಯೋ ಎಂದು ನೋಡಿದ್ದೀರಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ನಾನು ಹೇಳಿಕೊಡಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮಕ್ಕಳಿಗೂ ಅದು ಬಾಯಿಪಾಠ. ಆದರೆ ಈ ಸಿದ್ಧತೆಯಲ್ಲಿ ಒಂದು ಕೆಲಸ ಪ್ರತಿವರ್ಷವೂ ಬಿಟ್ಟುಹೋಗುತ್ತಿದೆ. ಔಷಧಿ ಹೊಡೆಯಲು ಮರ ಏರುವ ಮನುಷ್ಯನಿಗೆ ಏನಾದರೂ ಆದರೆ ಮುಂದೇನು ಎಂಬುದನ್ನು ನಾವು ಯಾರೂ ಮೊದಲೇ ಯೋಚಿಸುವುದಿಲ್ಲ.

ಹಿಂದೊಂದು ಮಳೆಗಾಲದಲ್ಲಿ ನನ್ನ ವಲಯದ ಒಂದು ಊರಿನಲ್ಲಿ ಕೊನೆಗೌಡನೊಬ್ಬ ಎರಡನೆಯ ಸಲದ ಔಷಧಿ ಹೊಡೆಯುವಾಗ ಮರದಿಂದ ಬಿದ್ದನು. ಹೊಳವಾಗಿ ಎರಡು ತಾಸು ಆಗಿತ್ತಷ್ಟೆ, ಮರ ಇನ್ನೂ ಜಾರುತ್ತಿತ್ತು. ಸೊಂಟಕ್ಕೆ ಪೆಟ್ಟಾಗಿ ಕಾಲು ಮುರಿಯಿತು. ತೋಟದ ಒಡೆಯರು ಕೆಟ್ಟವರಲ್ಲ. ತಾವೇ ಜೀಪು ಮಾಡಿಸಿ ಆಸ್ಪತ್ರೆಗೆ ಕರೆದೊಯ್ದರು, ಮೊದಲ ದಿನದ ಖರ್ಚನ್ನೂ ಕೊಟ್ಟರು. ನಾನು ಸಂಜೆ ಹೋದಾಗ ಜಗಲಿಯ ಮೇಲೆ ಏಳೆಂಟು ಜನ ಕುಳಿತು ಕವಳ ಹಾಕುತ್ತಿದ್ದರು. ಮಾತೆಲ್ಲ ಒಂದೇ ವಿಷಯದ ಮೇಲೆ: ತಪ್ಪು ಯಾರದು? ಮಳೆ ನಿಂತ ತಕ್ಷಣ ಹತ್ತಬಾರದಿತ್ತು ಎಂದರು ಒಬ್ಬರು. ಬೆಳಿಗ್ಗೆಯೇ ಸ್ವಲ್ಪ ಕುಡಿದಿದ್ದನಂತೆ ಎಂದರು ಇನ್ನೊಬ್ಬರು. ಹತ್ತು ಎಂದು ಒಡೆಯರೇ ಅವಸರ ಮಾಡಿದರು ಎಂದು ಅಂಗಳದ ಅಂಚಿನಲ್ಲಿ ನಿಂತಿದ್ದ ಆಳೊಬ್ಬ ಮೆಲ್ಲಗೆ ಹೇಳಿದ. ಕೊನೆಗೆ ಬಂದ ತೀರ್ಮಾನ ಇಷ್ಟು: ತಪ್ಪು ಅವನದೇ, ಆದರೂ ದಯೆಯಿಂದ ಏನಾದರೂ ಕೊಡೋಣ, ಮತ್ತು ಇನ್ನು ಮೇಲೆ ಅವನನ್ನು ಊರಿನಲ್ಲಿ ಯಾರೂ ಕೆಲಸಕ್ಕೆ ಕರೆಯುವುದು ಬೇಡ.

ಈ ತೀರ್ಮಾನದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಗಂಟುಬಿದ್ದಿವೆ. ಪೆಟ್ಟು ಬಿದ್ದವನಿಗೆ ಪರಿಹಾರ ಕೊಡಬೇಕೋ ಎಂಬುದು ಒಂದು, ಅವನನ್ನು ಕೆಲಸದಿಂದ ದೂರ ಇಡಬಹುದೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ತಪ್ಪು ಯಾರದು’ ಎಂಬ ವಿಚಾರಣೆ ಬಹುಪಾಲು ಬೇಕಾಗಿಯೇ ಇಲ್ಲ. ಎರಡನೆಯದಕ್ಕೆ ಆ ವಿಚಾರಣೆ ಆಗಲೇಬೇಕು, ಅದೂ ಅವನ ಎದುರಿಗೆ. ನಮ್ಮ ಊರುಗಳಲ್ಲಿ ನಡೆಯುವುದು ಇದಕ್ಕೆ ತೀರ ತಿರುಗುಮುರುಗು. ಹಣ ಕೊಡುವಾಗ ತಪ್ಪನ್ನು ಹುಡುಕುತ್ತೇವೆ, ಕೆಲಸ ತಪ್ಪಿಸುವಾಗ ಕೇಳುವುದೇ ಇಲ್ಲ.

ಮೊದಲು ಪರಿಹಾರದ ಮಾತು. ಕೆಲಸದಲ್ಲಿ ಪೆಟ್ಟಾದವನಿಗೆ ಕೆಲಸ ಕೊಟ್ಟವನು ತುಂಬಿಕೊಡಬೇಕೆಂಬ ನಿಯಮ ಜರ್ಮನಿಯಲ್ಲಿ ೧೮೮೪ರಲ್ಲಿ, ಇಂಗ್ಲೆಂಡಿನಲ್ಲಿ ೧೮೯೭ರಲ್ಲಿ ಬಂದಿತು. ಅದಕ್ಕೆ ಮುಂಚೆ ಕೂಲಿಗಾರನು ಕೋರ್ಟಿಗೆ ಹೋಗಿ ಧಣಿಯ ತಪ್ಪನ್ನು ಸಾಬೀತು ಮಾಡಬೇಕಿತ್ತು. ಕೈ ಮುರಿದು ಮಲಗಿದವನು ಸಾಕ್ಷಿ ಎಲ್ಲಿಂದ ತರಬೇಕು? ಆದ್ದರಿಂದ ಆ ದೇಶಗಳು ಬೇರೊಂದು ದಾರಿ ಹಿಡಿದವು. ಕೆಲಸ ಎಂದ ಮೇಲೆ ಅಪಾಯ ಇದ್ದೇ ಇರುತ್ತದೆ. ಕೆಲಸದ ಲಾಭ ಪಡೆಯುವವನು ಪಂಪು ರಿಪೇರಿಯ ಖರ್ಚಿನ ಹಾಗೆ ಈ ಖರ್ಚನ್ನೂ ಹೊರಬೇಕು ಎಂದು ಗೊತ್ತುಪಡಿಸಿದವು. ಹಿಂದುಸ್ಥಾನದಲ್ಲಿ ಈ ಕಾಯಿದೆ ೧೯೨೩ರಲ್ಲಿ ಆಗಿ, ೧೯೨೪ರ ಜುಲೈ ೧ರಿಂದ ನಡೆಗೆ ಬಂದಿತು. ನಮ್ಮ ಶಿರಸಿಯ ತೋಟಗಾರರ ಮಾರಾಟ ಸೊಸೈಟಿ ಹುಟ್ಟಿದ್ದೂ ಆ ೧೯೨೩ರಲ್ಲಿಯೇ. ಸೊಸೈಟಿಯ ಹೆಸರು ತಿಳಿಯದ ತೋಟಿಗನಿಲ್ಲ, ಕಾಯಿದೆಯ ಹೆಸರು ಕೇಳಿದವರು ಬೆರಳೆಣಿಕೆಯಷ್ಟು. ಆ ಕಾಯಿದೆಯ ಜಾಗಕ್ಕೆ ಈಗ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದು ೨೦೨೫ರ ನವೆಂಬರ್ ೨೧ರಿಂದ ಜಾರಿಯಲ್ಲಿದೆ. ಹೆಸರು ಬದಲಾದರೂ ಪರಿಹಾರದ ಮುಖ್ಯ ತತ್ವ ಹಳೆಯದೇ.

‘ಇದೆಲ್ಲ ಕಾರ್ಖಾನೆಯವರಿಗೆ, ನಮ್ಮಂಥ ಎರಡು ಎಕರೆ ತೋಟದವರಿಗೇನು?’ ಎಂದು ತಾವು ಕೇಳುವುದು ಸಹಜ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಯಾವ ಯಾವ ಕೆಲಸದವರಿಗೆ ಪರಿಹಾರ ಸಲ್ಲುತ್ತದೆಂದು ಕಾಯಿದೆಯ ಕೊನೆಯಲ್ಲಿ ಒಂದು ದೊಡ್ಡ ಪಟ್ಟಿ ಇದೆ. ಸಾಮಾನ್ಯ ಬೇಸಾಯದ ಕೆಲಸವಾದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಇಪ್ಪತ್ತೈದಕ್ಕಿಂತ ಹೆಚ್ಚು ಜನರನ್ನು ಹಚ್ಚಿದ್ದರೆ ಮಾತ್ರ ಅದು ಪಟ್ಟಿಗೆ ಸೇರುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಬೇಸಾಯದಲ್ಲಿ ಕೀಟನಾಶಕ, ರೋಗನಾಶಕ ಔಷಧಿ ಸಿಂಪಡಿಸುವ ಕೆಲಸವನ್ನು ಪ್ರತ್ಯೇಕವಾಗಿ ಹೇಳಿದೆ. ಅಲ್ಲಿ ಇಪ್ಪತ್ತೈದು ಜನರ ಮಾತಿಲ್ಲ. ಮರ ಕಡಿಯುವುದು, ನೀರೆತ್ತುವ ಪಂಪು ಕೂರಿಸುವುದು ಮತ್ತು ರಿಪೇರಿ, ಬಾವಿ ತೋಡುವುದು, ಯಂತ್ರದಿಂದ ಕೊಯ್ಯುವುದು, ಟ್ರ್ಯಾಕ್ಟರಿನ ಉಳುಮೆ ಇವೂ ಹಾಗೆಯೇ ಬೇರೆಯಾಗಿ ಇವೆ. ಹೀಗಾಗಿ ಒಬ್ಬನೇ ಕೊನೆಗೌಡನನ್ನು ಕರೆದು ಕೊಳೆರೋಗದ ಔಷಧಿ ಹೊಡೆಸಿದರೂ ತಾವು ಕಾಯಿದೆಯ ಒಳಗೆ ಬಂದಿದ್ದೀರೆಂದು ತಿಳಿಯುವುದೇ ಕ್ಷೇಮ. ಅದೇ ಮನುಷ್ಯ ಅದೇ ಮರವನ್ನು ಕೊನೆ ಕೊಯ್ಯಲು ಏರಿ ಬಿದ್ದರೆ, ಸಣ್ಣ ತೋಟದಲ್ಲಿ ಕಾಯಿದೆಯ ನೆರವು ಸುಲಭವಾಗಿ ಸಿಗಲಾರದು. ಬಿದ್ದವನ ಎಲುಬಿಗೆ ಆಷಾಢ, ಕಾರ್ತಿಕ ಎಂಬ ಭೇದ ಇಲ್ಲವಾದರೂ ಪಟ್ಟಿಗೆ ಇದೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

‘ಅವನು ನಮ್ಮ ಖಾಯಂ ಆಳಲ್ಲ, ಎರಡು ದಿನಕ್ಕೆ ಬಂದವನು’ ಎಂಬ ಮಾತು ನಡೆಯುವುದಿಲ್ಲ. ನಮ್ಮ ಬೇಸಾಯದ ಉಪಯೋಗಕ್ಕಾಗಿ ಬಂದವನು ಹಂಗಾಮಿಯಾದರೂ ಹಕ್ಕುದಾರನೇ. ‘ಗುತ್ತಿಗೆದಾರನಿಗೆ ಒಪ್ಪಿಸಿಬಿಟ್ಟಿದ್ದೆ, ಆಳುಗಳು ಅವನವರು’ ಎಂಬುದೂ ಪೂರ್ತಿ ನಡೆಯುವುದಿಲ್ಲ. ನಮ್ಮ ಕಸುಬಿನ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ, ಪೆಟ್ಟಾದವನು ನೇರವಾಗಿ ನಮ್ಮನ್ನೇ ಕೇಳಬಹುದು. ಕೊಟ್ಟ ಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಮಗೆ ಇದೆ. ಬಿದ್ದರೆ ಒಡೆಯರ ಮೇಲೆ ಹೊಣೆಯಿಲ್ಲ ಎಂದು ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕೆ ಬೆಲೆಯೇ ಇಲ್ಲ.

ಇನ್ನು ಕುಡಿತದ ಮಾತು. ಜಗಲಿಯ ಮೇಲೆ ಎಲ್ಲರೂ ಇದನ್ನೇ ದೊಡ್ಡ ಅಸ್ತ್ರವೆಂದು ತಿಳಿದಿದ್ದರು. ಪೆಟ್ಟು ನೇರವಾಗಿ ಕುಡಿತದಿಂದಲೇ ಆದುದೆಂದು, ಇಲ್ಲವೆ ಸ್ಪಷ್ಟವಾಗಿ ಹೇಳಿದ ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರಿಂದ ಆದುದೆಂದು ಒಡೆಯನು ಸಾಬೀತು ಮಾಡಿದರೆ ಪರಿಹಾರ ತಪ್ಪುತ್ತದೆ, ನಿಜ. ಆದರೆ ಮನುಷ್ಯ ಸತ್ತರೆ ಅಥವಾ ಜೀವಮಾನಕ್ಕೆ ಪೂರ್ತಿ ಅಂಗವಿಕಲನಾದರೆ ಈ ಅಸ್ತ್ರವೂ ಕೆಲಸಕ್ಕೆ ಬಾರದು. ಆಗ ಕುಡಿದಿದ್ದರೂ ಕೊಡಲೇಬೇಕು. ಬರಿಯ ಅಜಾಗರೂಕತೆಯಂತೂ ಯಾವ ಸಂದರ್ಭದಲ್ಲಿಯೂ ನೆಪವಾಗದು. ಜಾರುವ ಮರ ಹತ್ತಿದ ಎಂಬುದು ಅಜಾಗರೂಕತೆಯೇ ಹೊರತು ಬೇರೇನೂ ಅಲ್ಲ. ಅದೂ ನಾವು ಹತ್ತಿಸಿದ ಮರ.

ಎಷ್ಟು ಕೊಡಬೇಕು? ಮನಸ್ಸಿಗೆ ಬಂದಷ್ಟಲ್ಲ, ಅದಕ್ಕೆ ಕೋಷ್ಟಕವಿದೆ. ಸತ್ತರೆ ತಿಂಗಳ ವೇತನದ ಅರ್ಧವನ್ನು, ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ ನೂರಕ್ಕೆ ಅರವತ್ತನ್ನು ತೆಗೆದುಕೊಂಡು, ವಯಸ್ಸಿಗೆ ಗೊತ್ತುಮಾಡಿದ ಒಂದು ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಆ ಅಂಕಿ ೨೦೭.೯೮, ನಲವತ್ತಕ್ಕೆ ೧೮೪.೧೭, ಐವತ್ತಕ್ಕೆ ೧೫೩.೦೯. ನಲವತ್ತು ವರ್ಷದ ಕೊನೆಗೌಡನ ತಿಂಗಳ ವೇತನ ೧೨,೦೦೦ ರೂಪಾಯಿ ಎಂದು ಹಿಡಿಯೋಣ. ಸತ್ತರೆ ೬,೦೦೦ವನ್ನು ೧೮೪.೧೭ರಿಂದ ಗುಣಿಸಿ ೧೧,೦೫,೦೨೦ ರೂಪಾಯಿ ಆಗುತ್ತದೆ. ಪೂರ್ತಿ ಅಂಗವಿಕಲನಾದರೆ ೭,೨೦೦ರ ಲೆಕ್ಕದಲ್ಲಿ ೧೩,೨೬,೦೨೪ ರೂಪಾಯಿ. ಬದುಕಿ ಮಲಗಿದವನಿಗೆ ಹೆಚ್ಚೇಕೆಂದರೆ ಅವನಿಗೂ ಅನ್ನ ಬೇಕಲ್ಲ. ಒಂದು ಭಾಗದ ನಷ್ಟವಾದರೆ ಅದರ ಪ್ರಮಾಣದಂತೆ: ಹೆಬ್ಬೆರಳು ಹೋದರೆ ನೂರಕ್ಕೆ ೩೦, ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ೪೦. ಸುಣ್ಣ, ಮೈಲುತುತ್ತ ಕಲಸುವವರು ಕಣ್ಣಿನ ಮಾತನ್ನು ವಿಶೇಷವಾಗಿ ನೆನಪಿಡಬೇಕು. ಕೆಲವು ಕಾಲ ಮಲಗಿ ಮತ್ತೆ ಎದ್ದು ಕೆಲಸಕ್ಕೆ ಬರುವಂತಿದ್ದರೆ, ಪ್ರತಿ ಅರ್ಧ ತಿಂಗಳಿಗೆ ತಿಂಗಳ ವೇತನದ ಕಾಲುಭಾಗ. ಮೂರು ದಿನದೊಳಗೆ ವಾಸಿಯಾಗುವ ಸಣ್ಣ ಪೆಟ್ಟಿಗೆ ಇದಿಲ್ಲ. ಔಷಧೋಪಚಾರದ ನಿಜವಾದ ಖರ್ಚು ಇವೆಲ್ಲಕ್ಕೂ ಹೊರತಾಗಿ ಒಡೆಯನದೇ.

ಕೋಷ್ಟಕದಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಒರಿಸ್ಸಾದ ಜೇಪುರದಲ್ಲಿ ೧೯೬೮ರ ಜುಲೈ ತಿಂಗಳಲ್ಲಿ ಬಡಗಿಯೊಬ್ಬನು ಸಿನೆಮಾ ಮಂದಿರದ ಕೆಲಸ ಮಾಡುತ್ತ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲೆ ತೆಗೆಯಬೇಕಾಯಿತು. ಒಂದು ಕೈ ಉಳಿದಿದೆ, ಆದ್ದರಿಂದ ಭಾಗಶಃ ನಷ್ಟ ಮಾತ್ರ ಎಂದು ಮಾಲಿಕನು ವಾದಿಸಿದನು. ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ಇದು ಪೂರ್ತಿ ನಷ್ಟವೇ ಎಂದು ಸುಪ್ರೀಂ ಕೋರ್ಟು ೧೯೭೫ರ ಡಿಸೆಂಬರಿನಲ್ಲಿ ಹೇಳಿತು. ಪರಿಹಾರದ ಹೊಣೆ ಅಪಘಾತವಾದ ದಿನದಿಂದಲೇ ಹುಟ್ಟುತ್ತದೆಯೇ ಹೊರತು, ಅಧಿಕಾರಿ ತೀರ್ಪು ಕೊಟ್ಟ ದಿನದಿಂದಲ್ಲ ಎಂದೂ ಹೇಳಿತು. ಕಾಲು ಕುಂಟಾದ ಅಕ್ಕಸಾಲಿಗ ಕುಳಿತು ದುಡಿಯಬಲ್ಲ. ಕಾಲು ಕುಂಟಾದ ಕೊನೆಗೌಡ ಯಾವ ಮರ ಹತ್ತಿಯಾನು? ಈ ದೃಷ್ಟಿಯಿಂದ ನೋಡಿದರೆ ನಮ್ಮ ಊರಿನ ಮುರಿದ ಕಾಲಿನ ಬೆಲೆ ಜಗಲಿಯ ಮೇಲೆ ಮಾತಾಡಿದ ಬೆಲೆಯಲ್ಲ.

ಹಣ ಕೊಡುವ ರೀತಿಯಲ್ಲಿ ಒಳ್ಳೆಯ ಮನಸ್ಸಿನವರೇ ಮೋಸಹೋಗುವುದುಂಟು. ಸತ್ತವನ ಹೆಂಡತಿಯ ಕೈಗೆ ಪಂಚರ ಎದುರಿನಲ್ಲಿ ದೊಡ್ಡ ಮೊತ್ತ ಕೊಟ್ಟು ರಾಜಿಪತ್ರ ಬರೆಸಿಕೊಂಡರೆ ಮುಗಿಯಿತೆಂದು ತಿಳಿಯುತ್ತಾರೆ. ಹಾಗಲ್ಲ. ಮರಣದ ಪರಿಹಾರವನ್ನು ಕಾಯಿದೆ ನೇಮಿಸಿದ ಅಧಿಕಾರಿಯಲ್ಲಿಯೇ ಕಟ್ಟಬೇಕು. ಹೆಂಡತಿ, ಮಕ್ಕಳು, ಮುದಿ ತಾಯಿ ಇವರಿಗೆ ಅವರು ಹಂಚುತ್ತಾರೆ. ಮುಂಗಡವಾಗಿ ಮೂರು ತಿಂಗಳ ವೇತನದಷ್ಟನ್ನು ಮನೆಯವರ ಕೈಗೆ ಕೊಡಬಹುದು, ಅದಕ್ಕಿಂತ ಹೆಚ್ಚು ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಮೈದುನನೋ ಸಾಲಗಾರನೋ ಆ ಹಣವನ್ನು ಎತ್ತಿಕೊಂಡು ಹೋಗಿ ವಿಧವೆ ಬರಿಗೈಯಲ್ಲಿ ನಿಂತ ಉದಾಹರಣೆಗಳಿಂದಲೇ ಈ ನಿಯಮ ಬೇಕಾಯಿತು. ಕೂಲಿಗಾರ ಬಂಧುಗಳೂ ಇದನ್ನು ಓದಿಸಿಕೊಳ್ಳಬೇಕು: ಅಪಘಾತವನ್ನು ಬೇಗನೆ ತಿಳಿಸಬೇಕು, ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ತಾಲೂಕಿನ ಕಾರ್ಮಿಕ ನಿರೀಕ್ಷಕರು ದಾರಿ ಹೇಳುತ್ತಾರೆ. ವಕೀಲರ ಫೀ ಕೊಡಲಾಗದಿದ್ದರೆ ಕೋರ್ಟಿನ ಆವಾರದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಹೆಂಗಸರಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಹಾಯ ಧರ್ಮಾರ್ಥ.

ಹನ್ನೊಂದು ಲಕ್ಷ ಎಂಬ ಅಂಕಿ ನೋಡಿ ಎರಡು ಎಕರೆಯ ರೈತನ ಎದೆ ಝಲ್ಲೆನ್ನುವುದು ನನಗೆ ಗೊತ್ತು. ನಾನು ಹೆದರಿಸಲು ಬರೆಯುತ್ತಿಲ್ಲ. ಈ ಹೊಣೆಯನ್ನು ಹೊರಲು ವಿಮೆ ಇದೆ. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕಾರ್ಮಿಕ ಪರಿಹಾರದ ಪಾಲಿಸಿ ಸಿಗುತ್ತದೆ. ಮರ ಏರುವ ಕೆಲಸ, ಔಷಧಿ ಹೊಡೆಯುವ ಕೆಲಸ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಬೇಕು. ‘ತೋಟದ ಕೆಲಸ’ ಎಂದಷ್ಟೇ ಬರೆದು ಆಮೇಲೆ ಜಗಳಕ್ಕೆ ನಿಲ್ಲಬಾರದು. ಒಬ್ಬೊಬ್ಬರಿಗೆ ಆಗದಿದ್ದರೆ ಕೇರಿಯ ಹತ್ತು ತೋಟದವರು ಒಟ್ಟಾಗಿ, ತಮ್ಮ ಸಹಕಾರಿ ಸಂಘದ ಮೂಲಕ ಕೇಳಿನೋಡಬಹುದು. ಇದಲ್ಲದೆ ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ೧೮ರಿಂದ ೭೦ ವರ್ಷದವರು ಬ್ಯಾಂಕು ಖಾತೆಯಿಂದ ವರ್ಷಕ್ಕೆ ೨೦ ರೂಪಾಯಿ ಕಟ್ಟಿದರೆ ಅಪಘಾತದ ಮರಣಕ್ಕೆ ಎರಡು ಲಕ್ಷ ರೂಪಾಯಿ ಬರುತ್ತದೆ. ಕೊಯ್ಲಿನಲ್ಲಿ ಬಿದ್ದರೂ ಇದು ಸಲ್ಲುತ್ತದೆ. ಔಷಧಿ ಶುರುಮಾಡುವ ಮುನ್ನ ಕೊನೆಗೌಡನನ್ನು ಬ್ಯಾಂಕಿಗೆ ಕರೆದೊಯ್ದು ಆ ಇಪ್ಪತ್ತು ರೂಪಾಯಿಯನ್ನು ತಾವೇ ಕಟ್ಟಿಸಿರಿ. ಒಂದು ಕವಳದ ಖರ್ಚು. ಆದರೆ ಈ ವಿಮೆ ಅವನದು. ಅದು ಬಂದಿತೆಂದು ನಮ್ಮ ಹೊಣೆ ಇಳಿಯುವುದಿಲ್ಲ.

ಈಗ ಜಗಲಿಯ ತೀರ್ಮಾನದ ಎರಡನೆಯ ಭಾಗ: ‘ಇನ್ನು ಅವನನ್ನು ಕರೆಯುವುದು ಬೇಡ.’ ದಿನಗೂಲಿಯವನನ್ನು ನಾಳೆ ಕರೆಯಲೇಬೇಕೆಂದು ಕಾಯಿದೆ ಒತ್ತಾಯಿಸದು. ಆದರೆ ಊರೆಲ್ಲ ಸೇರಿ ಒಬ್ಬನ ಅನ್ನ ತೆಗೆಯುವಾಗ ಅವನ ಮಾತನ್ನು ಕೇಳದೆ ತೆಗೆಯುವುದು ಯಾವ ಧರ್ಮ? ಆಸ್ಪತ್ರೆಯಲ್ಲಿ ನಾನು ಕೇಳಿದಾಗ ಅವನು ಹೇಳಿದ್ದೇ ಬೇರೆ. ಕುಡಿದದ್ದು ಹಿಂದಿನ ರಾತ್ರಿ, ಹೊಳವಾದ ಕೂಡಲೇ ಹತ್ತಿದ್ದು ಎರಡು ಸಲ ಕರೆ ಬಂದದ್ದಕ್ಕೆ. ಅವನ ಮಾತೇ ಪೂರ್ತಿ ನಿಜವೆಂದು ನಾನು ಹೇಳುವುದಿಲ್ಲ. ಆದರೆ ಜಗಲಿಯ ಮೇಲೆ ಕುಳಿತ ಏಳೆಂಟು ಜನರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಆಳಿನ ಮಾತಿರಲಿ, ತಮ್ಮಲ್ಲಿ ಅನೇಕರು ಸಹಕಾರಿ ಸಂಘ, ಹಾಲಿನ ಸಂಘಗಳ ಆಡಳಿತ ಮಂಡಳಿಯಲ್ಲಿ ಇದ್ದೀರಿ. ಅಲ್ಲಿ ತಾವೇ ಧಣಿಗಳು. ಗೋದಾಮಿನಲ್ಲಿ ಗೊಬ್ಬರದ ಚೀಲ ಕಡಿಮೆ ಬಂದಾಗ ಮಾರಾಟ ಗುಮಾಸ್ತನನ್ನು ಆ ಸಂಜೆಯ ಸಭೆಯಲ್ಲಿಯೇ ಮನೆಗೆ ಕಳಿಸಿದ ಸಂಗತಿಗಳು ಕೇಳಿಬರುತ್ತವೆ. ಅಲ್ಲಿ ಕಾಯಿದೆ ತಮ್ಮನ್ನು ಖಂಡಿತ ಹಿಡಿಯುತ್ತದೆ. ಸಂಘದ ನೌಕರನ ಮೇಲಿನ ಶಿಸ್ತುಕ್ರಮದ ವಿವಾದ ೧೯೫೯ರ ಸಹಕಾರ ಸಂಘಗಳ ಕಾಯಿದೆಯ ೭೦ನೆಯ ಕಲಮಿನಂತೆ ಸಹಕಾರ ಇಲಾಖೆಯ ಮುಂದೆ ಹೋಗುತ್ತದೆ. ವಿಚಾರಣೆ ಸರಿಯಾಗಿ ಆಗಿಲ್ಲವೆಂದು ಕಂಡರೆ ಕಳ್ಳನೂ ಗೆದ್ದುಬರಬಹುದು.

ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಇದಕ್ಕೆ ಒಳ್ಳೆಯ ಪಾಠ. ಕೋಲಾರದ ಚಿನ್ನದ ಗಣಿಯಲ್ಲಿ, ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಭದ್ರತಾ ಅಧಿಕಾರಿ ಕ್ಯಾಪ್ಟನ್ ಪಾಲ್ ಆಂಟನಿ ಎಂಬವರ ಮನೆಯನ್ನು ೧೯೮೫ರ ಜೂನ್ ೨ರಂದು ಪೋಲೀಸರು ಶೋಧಿಸಿದರು. ನಾಲ್ಕೂವರೆ ಗ್ರಾಮಿನ ಒಂದು ಚಿನ್ನದ ಉಂಡೆ, ೧,೨೭೬ ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತೆಂದು ಆರೋಪ. ಕಂಪನಿ ಅವರನ್ನು ಅಮಾನತು ಮಾಡಿತು. ಅಮಾನತಿನ ಕಾಲದಲ್ಲಿ ಸಲ್ಲಬೇಕಾದ ಜೀವನಾಂಶವನ್ನು ಕೊಡಲಿಲ್ಲ. ಅವರು ಕೇರಳದಲ್ಲಿದ್ದರು, ಕಾಯಿಲೆ ಬಿದ್ದಿದ್ದರು, ಗಣಿಗೆ ಬಂದು ವಿಚಾರಣೆಯಲ್ಲಿ ನಿಲ್ಲಲು ಹಣವಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ೧೯೮೬ರ ಜೂನ್ ೭ರಂದು ಕೆಲಸದಿಂದ ತೆಗೆದರು. ಮುಂದಿನ ಫೆಬ್ರವರಿಯಲ್ಲಿ ಕ್ರಿಮಿನಲ್ ಕೋರ್ಟು, ಶೋಧನೆಯೇ ಸಾಬೀತಾಗಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು ೧೯೯೯ರ ಮಾರ್ಚ್ ೩೦ರಂದು. ಹೊಟ್ಟೆಗಿಲ್ಲದೆ ಮಾಡಿ, ವಿಚಾರಣೆಗೆ ಬರಲಿಲ್ಲ ಎನ್ನುವುದು ವಿಚಾರಣೆಯೇ ಅಲ್ಲ. ಸಾಕ್ಷ್ಯವೆಲ್ಲ ಒಂದೇ ಆಗಿದ್ದು ಕೋರ್ಟು ಅದನ್ನು ನಂಬದಿದ್ದಾಗ ಆ ವಜಾ ನಿಲ್ಲುವುದೂ ಇಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಕಂಪನಿ ಅವರನ್ನು ಮರಳಿ ತೆಗೆದುಕೊಂಡು ಹಿಂಬಾಕಿ ಪಗಾರವನ್ನೂ ಕೊಡಬೇಕಾಯಿತು. ಆದರೆ ಹದಿಮೂರು ವರ್ಷ ಹೋಗಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, ೨೦೦೧ರಲ್ಲಿ, ಗಣಿಯೇ ಮುಚ್ಚಿತು.

ನಮ್ಮ ಸಂಘ ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಯಾವ ದಿನ, ಯಾವ ವಸ್ತು, ಎಷ್ಟು ಎಂದು ಆರೋಪವನ್ನು ಬರಹದಲ್ಲಿ ಕೊಡಬೇಕು. ‘ನಿನ್ನ ನಡತೆ ಸರಿಯಿಲ್ಲ’ ಎಂಬುದು ಆರೋಪವಲ್ಲ. ಉತ್ತರಕ್ಕೆ ದಿನ ಕೊಡಬೇಕು, ಸ್ಟಾಕು ರಜಿಸ್ಟರನ್ನು ಅವನೂ ನೋಡಲು ಬಿಡಬೇಕು. ಆರೋಪ ಮಾಡಿದ ಸದಸ್ಯರೇ ವಿಚಾರಣೆಗೆ ಕುಳಿತುಕೊಳ್ಳಬಾರದು. ಹಳ್ಳಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನೆಂಟರಾದ್ದರಿಂದ ಇದೇ ಎಲ್ಲಕ್ಕಿಂತ ಕಠಿಣ. ಪಕ್ಕದ ಊರಿನವರನ್ನೋ ನಿವೃತ್ತ ಮಾಸ್ತರರನ್ನೋ ಕರೆಯಬೇಕು. ಸಾಕ್ಷಿಗಳನ್ನು ಅವನ ಎದುರಿನಲ್ಲಿ ಕೇಳಿ, ಅವನಿಗೂ ಪ್ರಶ್ನೆ ಹಾಕಲು ಬಿಟ್ಟು, ವಿಚಾರಣೆಯ ವರದಿಯ ನಕಲನ್ನು ಶಿಕ್ಷೆಗೆ ಮುಂಚೆ ಅವನ ಕೈಗೆ ಕೊಡಬೇಕು. ಅಮಾನತು ಮಾಡಿದರೆ ಅರ್ಧ ಪಗಾರವನ್ನಾದರೂ ತಿಂಗಳು ತಿಂಗಳು ತಪ್ಪದೆ ಕೊಡಬೇಕು. ಎರಡು ಚೀಲದ ತಪ್ಪಿಗೆ ಇಪ್ಪತ್ತು ವರ್ಷದ ನೌಕರಿಯನ್ನು ಕಳೆಯುವ ಮುನ್ನ ಎಚ್ಚರಿಕೆ, ನಷ್ಟದ ವಸೂಲಿ, ಬಡ್ತಿ ತಡೆ ಎಂಬ ಸಣ್ಣ ಶಿಕ್ಷೆಗಳೂ ಇವೆಯೆಂಬುದನ್ನು ನೆನೆಯಬೇಕು. ಅದೇ ನೌಕರ ಚೀಲ ಎತ್ತುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದರೆ, ಅವನ ಮೇಲಿನ ವಿಚಾರಣೆ ನಡೆಯುತ್ತಿದೆಯೆಂದು ಪರಿಹಾರವನ್ನು ಹಿಡಿದಿಡಬಾರದು. ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ.

ಕೊನೆಯದಾಗಿ ಔಷಧಿಯ ವಾರದ ಮಾತು. ಮರ ಒಣಗುವವರೆಗೆ ಹತ್ತಿಸಬೇಡಿರಿ. ಕಾಲಿಗೆ, ಮಣೆಗೆ ಕಟ್ಟುವ ಹಗ್ಗವನ್ನು ತಾವೇ ಒಮ್ಮೆ ಜಗ್ಗಿ ನೋಡಿರಿ. ಉದ್ದನೆಯ ದೋಟಿಯಿಂದ ನೆಲದಲ್ಲಿ ನಿಂತೇ ಹೊಡೆಸುವವರು ಕರೆಂಟಿನ ತಂತಿ ಎಲ್ಲಿ ಹಾದಿದೆ ಎಂಬುದನ್ನು ಮೊದಲು ತೋರಿಸಿರಿ. ಹಾಗೆಯೇ ಒಂದು ನೋಟುಪುಸ್ತಕ ಇಡಿರಿ. ಬಂದವನ ಹೆಸರು, ಬಂದ ದಿನ, ಮಾಡಿದ ಕೆಲಸ, ಕೊಟ್ಟ ಕೂಲಿ ಬರೆದು ಅವನ ಸಹಿ ಹಾಕಿಸಿರಿ. ವಯಸ್ಸನ್ನು ಮಾತ್ರ ಅಂದಾಜಿನಿಂದ ಬರೆಯಬೇಡಿರಿ, ಆಧಾರ್ ಚೀಟಿ ನೋಡಿ ಬರೆಯಿರಿ. ನಮ್ಮ ಕೊನೆಗೌಡರನ್ನು ಕೇಳಿದರೆ ಎಲ್ಲರೂ ‘ನಲವತ್ತಿರಬಹುದು ಒಡೆಯಾ’ ಎನ್ನುತ್ತಾರೆ. ಮೇಲಿನ ಕೋಷ್ಟಕದಲ್ಲಿ ಮೂವತ್ತಕ್ಕೂ ನಲವತ್ತಕ್ಕೂ ನಡುವೆ, ೧೨,೦೦೦ ವೇತನದ ಮರಣದ ಲೆಕ್ಕದಲ್ಲಿ, ೧,೪೨,೮೬೦ ರೂಪಾಯಿಯ ಅಂತರವಿದೆ.